ಅಪ್ಪೆಮಿಡಿ ಮೂಸಿದ ಮೂಗಿಗೆ ಒಂಟಾರಿಯೊದ ಗಾಂಜಾ ತಳಿಗಳು

ಅಮಲೇರಿಸುವ ಅಂಶವಾದ ಟಿಎಚ್‌ಸಿ ಶೇಕಡಾ ಎಷ್ಟಿದೆ ಎಂದು ಮಾತ್ರ ಕೇಳಿ ಗಾಂಜಾ ಕೊಳ್ಳುವವರು ಅಂಗಡಿಯ ಅತ್ಯುತ್ತಮ ಸರಕನ್ನು ಅಲ್ಲೇ ಬಿಟ್ಟು ಬರುತ್ತಿದ್ದಾರೆ. ಇದು ನನ್ನ ದೃಢವಾದ ಅಭಿಪ್ರಾಯ. ಒಂದೊಂದು ತಳಿಯನ್ನೂ ಮುಂದಿಟ್ಟುಕೊಂಡು ಇದಕ್ಕೆ ಕಾರಣ ಹೇಳುತ್ತೇನೆ.

ನಾನಿರುವುದು ಕೆನಡಾದ ಒಂಟಾರಿಯೊ ಪ್ರಾಂತ್ಯದ ಮಿಸಿಸಾಗಾದಲ್ಲಿ, ಹುಟ್ಟಿದ್ದು ಶಿರಸಿಯ ಕಡೆ. ಮಸಾಲೆ ಪದಾರ್ಥಗಳ ಕಂಪನಿಯೊಂದರಲ್ಲಿ ಗುಣಮಟ್ಟ ಪರೀಕ್ಷೆ ಮಾಡುವುದು ನನ್ನ ಕೆಲಸ. ಚೀಲದಲ್ಲಿ ಬಂದಿಳಿಯುವ ಕಾಳುಮೆಣಸು, ಕೊತ್ತಂಬರಿ ಬೀಜ, ಏಲಕ್ಕಿ, ಲವಂಗಗಳೆಲ್ಲ ಯಂತ್ರಕ್ಕೆ ಬೀಳುವ ಮೊದಲು ನನ್ನ ಮೂಗಿನ ಮುಂದೆ ಹಾದುಹೋಗಬೇಕು. ಕೆಲಸ ಮುಗಿಸಿ ಮನೆಗೆ ಬಂದ ಮೇಲೆ, ವಾರದಲ್ಲಿ ಕೆಲವು ಸಂಜೆ, ಸ್ವಲ್ಪ ಗಾಂಜಾ ಸೇವಿಸುವ ಅಭ್ಯಾಸ ನನಗಿದೆ. ಕೆನಡಾದಲ್ಲಿ ಇದು 2018ರ ಅಕ್ಟೋಬರ್ 17ರಿಂದ ವಯಸ್ಕರಿಗೆ ಕಾನೂನುಬದ್ಧ. ಒಂಟಾರಿಯೊದಲ್ಲಿ ವಯಸ್ಸು 19 ತುಂಬಿರಬೇಕು, ಸಾರ್ವಜನಿಕ ಸ್ಥಳದಲ್ಲಿ 30 ಗ್ರಾಂವರೆಗೆ ಒಣಗಿದ ಹೂವನ್ನು ಜೊತೆಗಿಟ್ಟುಕೊಳ್ಳಬಹುದು. ಶಿರಸಿಯಲ್ಲಿರುವ ತಮ್ಮ ಇಂದಿಗೂ ವಿಡಿಯೊ ಕರೆಯಲ್ಲಿ ಕೇಳುತ್ತಾನೆ: “ಅಕ್ಕಾ, ನಿಜವಾಗಿಯೂ ಅಂಗಡಿಯಲ್ಲಿಟ್ಟು, ರಸೀದಿ ಕೊಟ್ಟು ಮಾರುತ್ತಾರೆಯೇ?” ಮಾರುತ್ತಾರೆ, ತೆರಿಗೆಯನ್ನೂ ಸೇರಿಸಿ.

ಅಂಗಡಿಯ ಬಗ್ಗೆ ಮೊದಲು ಎರಡು ಮಾತು. ಒಂಟಾರಿಯೊದಲ್ಲಿ ಖಾಸಗಿ ಅಂಗಡಿಗಳು ಬಾಗಿಲು ತೆರೆದದ್ದು 2019ರ ಏಪ್ರಿಲ್ 1ರಂದು. ಆದರೆ ಮಿಸಿಸಾಗಾ ನಗರಸಭೆ ಆಗ ಬೇಡವೆಂದಿತ್ತು; ಒಪ್ಪಿಗೆ ಕೊಟ್ಟದ್ದು 2023ರಲ್ಲಿ. ಅಲ್ಲಿಯವರೆಗೆ ನಾವು ಸರ್ಕಾರದ ಒಂಟಾರಿಯೊ ಕ್ಯಾನಬಿಸ್ ಸ್ಟೋರ್‌ನಿಂದ ಅಂಚೆಯಲ್ಲಿ ತರಿಸಿಕೊಳ್ಳಬೇಕಿತ್ತು, ಇಲ್ಲವೇ ಪಕ್ಕದ ಬ್ರಾಂಪ್ಟನ್‌ಗೋ ಟೊರಾಂಟೊಗೋ ಹೋಗಬೇಕಿತ್ತು. ಅಂಚೆಯಲ್ಲಿ ತರಿಸಿಕೊಂಡರೆ ಕೊಳ್ಳುವ ಮೊದಲು ಮೂಸುವಂತಿಲ್ಲ. ಈಗ ನಮ್ಮ ಮನೆಯ ಹತ್ತಿರವೇ ಒಂದು ಸಣ್ಣ ಅಂಗಡಿಯಿದೆ. ಬಾಗಿಲಲ್ಲೇ ಗುರುತಿನ ಚೀಟಿ ಕೇಳುತ್ತಾರೆ, ಹೊರಗಿನಿಂದ ಒಳಗಿನದೇನೂ ಕಾಣದಂತೆ ಗಾಜಿಗೆ ಮಬ್ಬು ಹಚ್ಚಿದ್ದಾರೆ. ಗಲ್ಲೆಯ ಮೇಲೆ ಕೆಲವು ತಳಿಗಳ ಮಾದರಿಯನ್ನು ತೂತಿನ ಮುಚ್ಚಳವಿರುವ ಪುಟ್ಟ ಡಬ್ಬಿಗಳಲ್ಲಿ ಇಟ್ಟಿರುತ್ತಾರೆ. ಆ ಡಬ್ಬಿಗಳಿಗಾಗಿಯೇ ನಾನು ಈ ಅಂಗಡಿಯನ್ನು ಬಿಟ್ಟು ಬೇರೆಡೆಗೆ ಹೋಗುವುದಿಲ್ಲ. ಎಷ್ಟೋ ಅಂಗಡಿಗಳಲ್ಲಿ ಪರದೆಯ ಮೇಲೆ ಹೆಸರು, ಬೆಲೆ, ಶೇಕಡಾವಾರು ಇಷ್ಟೇ ಇರುತ್ತದೆ. ಮೂಗಿಗೆ ಕೆಲಸವೇ ಇಲ್ಲ.

ಅಲ್ಲಿ ಕೆಲಸ ಮಾಡುವ ಪಂಜಾಬಿ ಹುಡುಗಿಗೆ ನನ್ನ ಪರಿಚಯ ಚೆನ್ನಾಗಿದೆ. “ಆಂಟಿ, ಇವತ್ತು ಶೇ 31ರದ್ದು ಬಂದಿದೆ, ಎಲ್ಲರೂ ಅದನ್ನೇ ಕೇಳುತ್ತಿದ್ದಾರೆ,” ಎನ್ನುತ್ತಾಳೆ. “ಪ್ಯಾಕ್ ಮಾಡಿದ ದಿನಾಂಕ ಯಾವುದಮ್ಮಾ?” ಎಂದು ನಾನು ಕೇಳುತ್ತೇನೆ. ಅವಳು ಬೇಸರಪಡದೆ ಒಳಗೆ ಹೋಗಿ ಡಬ್ಬಿಯನ್ನು ತಿರುಗಿಸಿ ನೋಡಿ ಬಂದು ಹೇಳುತ್ತಾಳೆ. ಗಿರಾಕಿಯ ಪ್ರಶ್ನೆಯನ್ನು ಗೌರವದಿಂದ ಕೇಳಿಸಿಕೊಳ್ಳುವ ಇಂಥವರು ಸಿಗುವುದು ಅಪರೂಪ.

ದಿನಾಂಕ ಏಕೆ ಮುಖ್ಯ? ಗಾಂಜಾ ಹೂವಿನ ಘಮ ಬರುವುದು ಬಹುಮಟ್ಟಿಗೆ ಟರ್ಪೀನ್ ಎಂಬ ಸುಗಂಧ ತೈಲದ ಅಂಶಗಳಿಂದ. ಅವುಗಳಲ್ಲಿ ಹಗುರವಾದವು ಬೇಗ ಆವಿಯಾಗಿ ಹೋಗುತ್ತವೆ. ಡಬ್ಬಿಗೆ ಬಿದ್ದು ತಿಂಗಳುಗಟ್ಟಲೆಯಾದ ಹೂವಿನಲ್ಲಿ ಟಿಎಚ್‌ಸಿ ಹೆಚ್ಚುಕಡಿಮೆ ಉಳಿದಿರಬಹುದು, ಆದರೆ ಮುಚ್ಚಳ ತೆರೆದರೆ ಒಣಹುಲ್ಲಿನ ವಾಸನೆ. ಹಳೆಯ ಕೊತ್ತಂಬರಿ ಬೀಜವನ್ನು ಹುರಿದು ಪುಡಿ ಮಾಡಿ ನೋಡಿದವರಿಗೆ ಈ ನಷ್ಟದ ಅನುಭವವಿದ್ದೇ ಇರುತ್ತದೆ. ಪ್ಯಾಕ್ ಮಾಡಿ ಮೂರು ತಿಂಗಳು ದಾಟಿದ್ದನ್ನು, ಬೆಲೆ ಅರ್ಧಕ್ಕಿಳಿದರೂ, ನಾನು ಮುಟ್ಟುವುದಿಲ್ಲ.

ಡಬ್ಬಿಯ ಚೀಟಿಯನ್ನು ಓದುವುದಕ್ಕೂ ಒಂದು ಕ್ರಮವಿದೆ. ಕೆಲವು ಚೀಟಿಗಳಲ್ಲಿ ಎರಡು ಸಂಖ್ಯೆ ಕಂಡು ಹೊಸಬರಿಗೆ ಗಲಿಬಿಲಿಯಾಗುತ್ತದೆ: ‘ಟಿಎಚ್‌ಸಿ’ ಒಂದು, ‘ಒಟ್ಟು ಟಿಎಚ್‌ಸಿ’ ಇನ್ನೊಂದು. ಹಸಿ ಹೂವಿನಲ್ಲಿರುವುದು ಬಹುಪಾಲು ಟಿಎಚ್‌ಸಿಎ ಎಂಬ ಆಮ್ಲರೂಪ, ಅದು ಅಮಲೇರಿಸುವುದಿಲ್ಲ. ಬಿಸಿ ತಾಗಿದಾಗ ಅದು ಟಿಎಚ್‌ಸಿ ಆಗಿ ಬದಲಾಗುತ್ತದೆ. ಹಾಗೆ ಬದಲಾದ ಮೇಲೆ ಎಷ್ಟು ಸಿಗುತ್ತದೆ ಎನ್ನುವುದನ್ನು ಎರಡನೆಯ ಸಂಖ್ಯೆ ಹೇಳುತ್ತದೆ. ಗ್ರಾಂಗೆ 200 ಮಿಲಿಗ್ರಾಂ ಎಂದಿದ್ದರೆ ಶೇ 20 ಎಂದರ್ಥ. ಇನ್ನು ಶೇ 20ಕ್ಕಿಂತ ಶೇ 30 ಒಳ್ಳೆಯದೇ? ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಸೇದುವ ರೂಢಿಯಿದ್ದವರಿಗೆ ಶೇ 16ರ ಇಲ್ಲವೇ ಶೇ 24ರ ಹೂ ಬಳಸಲು ಹೇಳಿ ನೋಡಿದ್ದರು. ರಕ್ತದಲ್ಲಿ ಎಷ್ಟು ಟಿಎಚ್‌ಸಿ ಇತ್ತೋ ಅದಕ್ಕೆ ತಕ್ಕಂತೆ ಅಮಲು ಏರಿರಲಿಲ್ಲ. ಹೀಗಿರುವಾಗ ಶೇ 31 ಎಂಬ ಸಂಖ್ಯೆಗೆ ಹತ್ತು ಡಾಲರ್ ಹೆಚ್ಚು ಕೊಡುವುದು ನನಗೆ ಸರಿಕಾಣುವುದಿಲ್ಲ.

‘ಇಂಡಿಕಾ’, ‘ಸಟೈವಾ’ ಎಂಬ ಎರಡು ಹಣೆಪಟ್ಟಿಗಳ ಕಥೆ ಇನ್ನೂ ಸ್ವಾರಸ್ಯಕರ. ಇಂಡಿಕಾ ಎಂದರೆ ಮೈ ಭಾರವಾಗಿ ನಿದ್ದೆ ಬರುತ್ತದೆ, ಸಟೈವಾ ಎಂದರೆ ಲವಲವಿಕೆ ಎಂದು ಎಲ್ಲ ಅಂಗಡಿಗಳಲ್ಲೂ ಹೇಳುತ್ತಾರೆ. ಕೆನಡಾದ ಡಲ್‌ಹೌಸಿ ವಿಶ್ವವಿದ್ಯಾಲಯದ ಸಂಶೋಧಕರು ನೂರಾರು ಮಾದರಿಗಳನ್ನು ಪರೀಕ್ಷಿಸಿ 2021ರಲ್ಲಿ ತೋರಿಸಿದಂತೆ, ಈ ಪಟ್ಟಿಗಳಿಗೂ ಗಿಡದ ವಂಶಕ್ಕೂ ಹೇಳಿಕೊಳ್ಳುವಂಥ ನಂಟಿಲ್ಲ. ನಂಟಿರುವುದು ಬೆರಳೆಣಿಕೆಯ ಟರ್ಪೀನ್‌ಗಳ ಜೊತೆ. ಮಣ್ಣಿನ ಘಮ ಹೆಚ್ಚಿರುವುದಕ್ಕೆ ಇಂಡಿಕಾ ಎಂದೂ, ಚಹಾ ಮತ್ತು ಹಣ್ಣಿನ ಘಮದ್ದಕ್ಕೆ ಸಟೈವಾ ಎಂದೂ ಹೆಸರು ಬಿದ್ದಿದೆ. ಅಂದರೆ ಬೆಳೆಗಾರರು ಇಷ್ಟು ಕಾಲ ಮೂಗಿನಿಂದಲೇ ವಿಂಗಡಿಸುತ್ತ ಬಂದಿದ್ದಾರೆ! ಇದನ್ನು ಓದಿದ ದಿನ ನನಗೆ ಬಹಳ ಸಂತೋಷವಾಯಿತು.

ಏಕೆಂದರೆ ನಮ್ಮ ಕಡೆ ಉಪ್ಪಿನಕಾಯಿಗೆ ಹಾಕುವ ಎಳೆ ಮಾವು, ಅಪ್ಪೆಮಿಡಿಯನ್ನು ಆರಿಸುವುದೂ ಹೀಗೆಯೇ. ಮಿಡಿಯ ತೊಟ್ಟು ಮುರಿದರೆ ಒಸರುವ ಸೊನೆಯನ್ನು ಮೂಸಿ, ಇದು ಜೀರಿಗೆ ಮಿಡಿ, ಇದು ಅನಂತಭಟ್ಟನ ಅಪ್ಪೆ ಎಂದು ಅಜ್ಜಿ ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದರು. ಮಾವಿನ ಸೊನೆಯ ಘಮವೂ ಟರ್ಪೀನ್‌ಗಳದ್ದೇ. ಮಿಡಿ ಎಷ್ಟು ಹುಳಿ ಎಂದು ಯಾರೂ ಸಂಖ್ಯೆ ಕೇಳುತ್ತಿರಲಿಲ್ಲ. ಯಾವ ಹೊಳೆದಂಡೆಯ ಮರ, ಕೊಯ್ದು ಎಷ್ಟು ಹೊತ್ತಾಯಿತು, ಘಮ ಹೇಗಿದೆ ಎಂದು ಕೇಳುತ್ತಿದ್ದರು. ಗಾಂಜಾ ಡಬ್ಬಿಯ ಮುಂದೆ ನಿಂತಾಗಲೂ ನಾನು ಕೇಳುವುದು ಇವೇ ಪ್ರಶ್ನೆಗಳನ್ನು.

ಈಗ ತಳಿಗಳಿಗೆ ಬರೋಣ. ನಾನು ಹೊಗೆ ಸೇದುವುದಿಲ್ಲ. ಸುಟ್ಟರೆ ಎಲ್ಲ ತಳಿಯೂ ಹೊಗೆಯ ರುಚಿಯೇ, ಶ್ವಾಸಕೋಶಕ್ಕೂ ಕೆಡುಕು. ಹೂವನ್ನು ಸುಡದೆ ಕಾಯಿಸಿ ಆವಿಯೆಬ್ಬಿಸುವ ವೇಪೊರೈಸರ್ ಬಳಸುತ್ತೇನೆ, 180 ಡಿಗ್ರಿ ಸೆಲ್ಸಿಯಸ್‌ನಿಂದ ಶುರು ಮಾಡಿ. ಆ ಶಾಖದಲ್ಲಿ ಮೊದಲ ಎರಡು ಉಸಿರಿನಲ್ಲಿ ಬರುವ ಘಮವೇ ತಳಿಯ ನಿಜವಾದ ಗುರುತು. ಅದಾದ ಮೇಲೆ ಎಲ್ಲವೂ ಹುರಿದ ಜೋಳದ ವಾಸನೆಗೆ ತಿರುಗುತ್ತದೆ.

ನನ್ನ ಮೆಚ್ಚಿನ ತಳಿ ಜ್ಯಾಕ್ ಹೆರರ್. ಗಾಂಜಾ ಮತ್ತು ಅದೇ ಜಾತಿಯ ನಾರಿನ ಗಿಡ ಹೆಂಪ್‌ನ ಪರವಾಗಿ ದಶಕಗಳ ಕಾಲ ಹೋರಾಡಿ 2010ರಲ್ಲಿ ತೀರಿಕೊಂಡ ಅಮೆರಿಕನ್ ಚಳವಳಿಗಾರನ ಹೆಸರನ್ನು ಡಚ್ ಬೀಜ ಕಂಪನಿಯೊಂದು ಈ ತಳಿಗೆ ಇಟ್ಟಿತು. ಇದರಲ್ಲಿ ಮೇಲುಗೈ ಸಾಮಾನ್ಯವಾಗಿ ಟರ್ಪಿನೋಲೀನ್ ಎಂಬ ಟರ್ಪೀನ್‌ನದು. ಹೆಚ್ಚಿನ ತಳಿಗಳಲ್ಲಿ ಇದು ಮುಂದೆ ಬರುವುದೇ ಇಲ್ಲ, ಆದ್ದರಿಂದ ಇದರ ಘಮ ಬೇರೆಯೇ. ಮುಚ್ಚಳ ತೆರೆದ ಕೂಡಲೇ ಪೈನ್ ಮರದ ಕಾಡು, ಅದರ ಹಿಂದೆ ಹಸಿ ಏಲಕ್ಕಿಯ ಸಿಪ್ಪೆ ಬಿಡಿಸಿದಂತೆ ಒಂದು ತಂಪು, ಕೊನೆಯಲ್ಲಿ ನಿಂಬೆಹುಲ್ಲು. ಆವಿಯಲ್ಲೂ ಈ ಮೂರೂ ಅದೇ ಕ್ರಮದಲ್ಲಿ ಬರುತ್ತವೆ. ಭಾನುವಾರ ಬೆಳಗ್ಗೆ ಮನೆಯವರೆಲ್ಲ ತಮ್ಮ ತಮ್ಮ ಕೆಲಸಕ್ಕೆ ಹೊರಟ ಮೇಲೆ, ಎರಡೇ ಎರಡು ಉಸಿರು ತೆಗೆದುಕೊಂಡು ಅಡುಗೆಮನೆಗೆ ಹೋಗುತ್ತೇನೆ. ಅಂದು ಮಾಡುವ ಅಡುಗೆಯಲ್ಲಿ ಒಗ್ಗರಣೆಯ ಸಾಸಿವೆ, ಇಂಗು, ಕರಿಬೇವು ಒಂದೊಂದೂ ಬೇರೆ ಬೇರೆಯಾಗಿ ಮೂಗಿಗೆ ಬರುತ್ತವೆ. ಕೈ ನಿಧಾನವಾಗುತ್ತದೆ, ತಲೆ ಮಂಕಾಗುವುದಿಲ್ಲ. ನಾನು ಕೊಳ್ಳುವುದು ಒಟ್ಟು ಟಿಎಚ್‌ಸಿ ಶೇ 18ರ ಆಸುಪಾಸಿನದು. ಮೂರೂವರೆ ಗ್ರಾಂಗೆ 25 ಡಾಲರ್ ಕೊಟ್ಟಿದ್ದೇನೆ. ಅದೇ ಹೆಸರಿನಲ್ಲಿ ಶೇ 27ರದ್ದನ್ನೂ ಕೊಂಡು ಹೋಲಿಸಿದ್ದೇನೆ. ಅದರಲ್ಲಿ ಪೈನ್ ಬಿಟ್ಟರೆ ಬೇರೇನೂ ಇರಲಿಲ್ಲ, ಎರಡು ಉಸಿರಿಗೇ ಸೋಫಾ ಹುಡುಕಬೇಕಾಯಿತು.

ಒಂದೇ ಹೆಸರಿನ ಎರಡು ಡಬ್ಬಿ ಇಷ್ಟು ಬೇರೆಯಾಗಿರುವುದರಲ್ಲಿ ಅಚ್ಚರಿಯಿಲ್ಲ. ತಳಿಯ ಹೆಸರು ಎನ್ನುವುದು ಇಲ್ಲಿ ಯಾರೂ ಕಾಯುವ ಆಸ್ತಿಯಲ್ಲ. ಒಂದೇ ಹೆಸರಿನ ಮಾದರಿಗಳು ವಂಶವಾಹಿಯ ಲೆಕ್ಕದಲ್ಲಿ ಎಷ್ಟೋ ಬಾರಿ ದೂರದವಾಗಿರುತ್ತವೆ ಎಂದು 2015ರಲ್ಲೇ ಕೆನಡಾದ ಸಂಶೋಧಕರು ಬರೆದಿದ್ದರು. ಆದ್ದರಿಂದ ಹೆಸರು ಕೇಳಿ, ಆದರೆ ಬೆಳೆದವರು ಯಾರೆಂದೂ ನೋಡಿ. ಒಬ್ಬ ಬೆಳೆಗಾರನ ಕೈ ಹಿಡಿಸಿದರೆ ಅವನ ಬೇರೆ ತಳಿಗಳೂ ಹಿಡಿಸುವ ಸಂಭವ ಹೆಚ್ಚು.

ಪಿಂಕ್ ಕುಶ್ ಕೆನಡಾದವರ ಮನೆಮಾತು. ಓಜಿ ಕುಶ್ ಎಂಬ ತಳಿಯ ವಂಶದ್ದು. ಪಶ್ಚಿಮ ತೀರದ ಬ್ರಿಟಿಷ್ ಕೊಲಂಬಿಯಾದವರಂತೂ ತಮ್ಮದೇ ಎಂದು ಹೆಮ್ಮೆ ಪಡುತ್ತಾರೆ. ಘಮದಲ್ಲಿ ಮೊದಲು ಹೂವಿನ ಸಿಹಿ, ತಕ್ಷಣ ಪೆಟ್ರೋಲ್ ಬಂಕಿನ ಚುರುಕು, ಆಮೇಲೆ ನಾಲಿಗೆಯ ಹಿಂಬದಿಯಲ್ಲಿ ಕಾಳುಮೆಣಸು. ಈ ಮೆಣಸಿನ ಅನುಭವ ಬರಿಯ ಕಲ್ಪನೆಯಲ್ಲ. ಕ್ಯಾರಿಯೋಫಿಲೀನ್ ಎಂಬ ಅಂಶ ಕಾಳುಮೆಣಸಿನಲ್ಲೂ ಲವಂಗದಲ್ಲೂ ಈ ಹೂವಿನಲ್ಲೂ ಇದೆ. ಶುಕ್ರವಾರ ರಾತ್ರಿ ಊಟವಾಗಿ ಪಾತ್ರೆ ತೊಳೆದಾದ ಮೇಲಿನ ಹೊತ್ತು ಇದರದ್ದು. ಭುಜದಿಂದ ಭಾರ ಇಳಿಯುತ್ತ ಹೋಗುವುದು ಸ್ಪಷ್ಟವಾಗಿ ತಿಳಿಯುತ್ತದೆ. ಹಳೆಯ ಭಾವಗೀತೆಗಳನ್ನು ಹಚ್ಚಿಕೊಂಡು ಕೂತರೆ ಕೊಳಲಿನವನು ಉಸಿರು ತೆಗೆದುಕೊಳ್ಳುವ ಸದ್ದೂ ಕೇಳುತ್ತದೆ. ಇದನ್ನು ಹಗಲಿನಲ್ಲಿ ತೆಗೆದುಕೊಳ್ಳಬೇಡಿ, ಮಧ್ಯಾಹ್ನವೆಲ್ಲ ನಿದ್ದೆಗೆ ಹೋಗುತ್ತದೆ.

ಬ್ಲೂ ಡ್ರೀಮ್ ಕ್ಯಾಲಿಫೋರ್ನಿಯಾದ ತಳಿ, ಬ್ಲೂಬೆರಿ ಮತ್ತು ಹೇಜ್ ಎಂಬ ತಳಿಗಳ ಬೆರಕೆ. ಹೊಸಬರಿಗೆ ಎಲ್ಲರೂ ಇದನ್ನೇ ಹೇಳುತ್ತಾರೆ. ನಾನೂ ಹೇಳುತ್ತೇನೆ, ಆದರೆ ತಾಜಾ ಇದ್ದರೆ ಮಾತ್ರ. ತಾಜಾ ಇದ್ದಾಗ ನೇರಳೆ ಹಣ್ಣು ಬಾಯಲ್ಲಿಟ್ಟಂತೆ ಸಿಹಿ ಒಗರು, ಮನಸ್ಸಿಗೆ ಮೃದುವಾದ ಉಲ್ಲಾಸ. ಸಂಜೆ ಕ್ರೆಡಿಟ್ ನದಿಯ ದಂಡೆಯಲ್ಲಿ ನಡೆದಾಡುವುದಕ್ಕೆ ಇದಕ್ಕಿಂತ ಒಳ್ಳೆಯ ಜೊತೆಯಿಲ್ಲ. ಹಳೆಯದಾದರೆ ಆ ಹಣ್ಣೇ ಮೊದಲು ಮಾಯವಾಗುತ್ತದೆ.

ನ್ಯೂಯಾರ್ಕ್ ಕಡೆಯಿಂದ ಹೆಸರಾದ ಸಾವರ್ ಡೀಸೆಲ್ ನನಗಲ್ಲ. ಘಮವೇನೋ ದಿಟ್ಟವಾಗಿದೆ, ಹುಳಿ ಹೆರಳೆಕಾಯಿಗೆ ಸೀಮೆಎಣ್ಣೆ ತಾಕಿದ ಹಾಗೆ. ಆದರೆ ಪ್ರತಿ ಸಲವೂ ಎದೆಬಡಿತ ಏರಿ, ಒಲೆ ಆರಿಸಿದ್ದೇನೆಯೇ ಎಂದು ನೋಡಲು ಮತ್ತೆ ಮತ್ತೆ ಎದ್ದು ಹೋಗುವಂತಾಗುತ್ತದೆ.

ಸಿಹಿತಿಂಡಿಯ ಹೆಸರಿನವು ಇಂದು ಅಂಗಡಿಯ ಅರ್ಧ ಗೋಡೆಯನ್ನು ತುಂಬಿವೆ: ವೆಡ್ಡಿಂಗ್ ಕೇಕ್, ಜೆಲಾಟೊ, ಇವುಗಳ ಮಕ್ಕಳು ಮೊಮ್ಮಕ್ಕಳು. ಕಿತ್ತಳೆ ಸಿಪ್ಪೆಯ ಲಿಮೊನೀನ್ ಮತ್ತು ಮೆಣಸಿನ ಕ್ಯಾರಿಯೋಫಿಲೀನ್ ಎರಡೂ ಇವುಗಳಲ್ಲಿ ಧಾರಾಳ. ಜೆಲಾಟೊ ನಿಜಕ್ಕೂ ಚೆನ್ನಾಗಿದೆ, ನೆಂಟರಿಷ್ಟರ ಜೊತೆ ಹರಟೆಗೆ ಕೂತಾಗ ಹಿತ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು 2024ರಲ್ಲಿ 20 ಜನರ ಮೇಲೆ ಮಾಡಿದ ಪ್ರಯೋಗದಲ್ಲಿ ಟಿಎಚ್‌ಸಿ ಜೊತೆ ಲಿಮೊನೀನ್ ಸೇರಿಸಿದಾಗ ಗಾಬರಿ ಕಡಿಮೆಯಾಗಿತ್ತು. ಟರ್ಪೀನ್‌ಗಳು ಅಮಲಿನ ಗುಣವನ್ನೇ ಬದಲಿಸುತ್ತವೆಯೇ ಎಂಬ ವಾದ ವಿಜ್ಞಾನಿಗಳ ನಡುವೆ ಮುಗಿದಿಲ್ಲ. ಆದರೆ ನನ್ನ ಅನುಭವಕ್ಕೆ ಈ ಪ್ರಯೋಗ ಹೊಂದುತ್ತದೆ. ನನ್ನ ದೂರು ಬೇರೆಯದು. ಎಲ್ಲ ಬೆಳೆಗಾರರೂ ಇದೊಂದೇ ವಂಶದ ಹಿಂದೆ ಬಿದ್ದು, ಹೊಸ ಹೊಸ ಹೆಸರಿನಲ್ಲಿ ಅದೇ ಘಮವನ್ನು ಮಾರುತ್ತಿದ್ದಾರೆ. ಜ್ಯಾಕ್ ಹೆರರ್‌ನಂಥ ಹಳೆಯ ತಳಿಗಳಿಗೆ ಕಪಾಟಿನಲ್ಲಿ ಜಾಗವೇ ಕಡಿಮೆಯಾಗುತ್ತಿದೆ. ಇದು ನನಗೆ ನಿಜವಾದ ನೋವಿನ ವಿಷಯ.

ವೈಟ್ ವಿಡೋ ಬಗ್ಗೆ ನನಗೆ ಸ್ವಲ್ಪ ಪಕ್ಷಪಾತವಿದೆ. 1990ರ ದಶಕದಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಪ್ರಸಿದ್ಧವಾದ ಈ ತಳಿಯಲ್ಲಿ ಬ್ರೆಜಿಲ್‌ನ ಗಿಡದ ಜೊತೆ ದಕ್ಷಿಣ ಭಾರತದ ಗಿಡವೊಂದರ ರಕ್ತವಿದೆ ಎಂದು ಬೀಜ ಮಾರುವವರು ಹೇಳಿಕೊಂಡು ಬಂದಿದ್ದಾರೆ. ಮೊದಲ ಮಳೆಗೆ ನೆನೆದ ಮಣ್ಣು, ಗಂಧದ ಚಕ್ಕೆ, ಒಂದಿಷ್ಟು ಮೆಣಸು. ಸಿಹಿ ಇಲ್ಲವೇ ಇಲ್ಲ. ಆ ಘಮಕ್ಕಾಗಿ ಆಗಾಗ ಕೊಳ್ಳುತ್ತೇನೆ. ಅಮಲಿನ ದೃಷ್ಟಿಯಿಂದ ಮಧ್ಯಮ ದರ್ಜೆ.

ಹಾರ್ಲೆಕ್ವಿನ್ ತಳಿಯನ್ನು ಹೆಚ್ಚಿನವರು ಕಡೆಗಣಿಸುತ್ತಾರೆ. ಇದರಲ್ಲಿ ಟಿಎಚ್‌ಸಿಗಿಂತ, ಅಮಲೇರಿಸದ ಸಿಬಿಡಿ ಎಂಬ ಅಂಶ ಜಾಸ್ತಿ, ಆದ್ದರಿಂದ ಸಂಖ್ಯೆ ನೋಡುವವರಿಗೆ ಇದು ಕಣ್ಣಿಗೇ ಬೀಳದು. ಮರುದಿನ ಬೆಳಗ್ಗೆ ಕೆಲಸವಿರುವ ವಾರದ ನಡುವಿನ ಸಂಜೆಗೆ ಇದು ಹೇಳಿ ಮಾಡಿಸಿದ್ದು. ಮಾವಿನ ಎಲೆ ಕಿವುಚಿದಂಥ ಘಮ, ದೇಹ ಸಡಿಲ, ಮಾತು ನೆಟ್ಟಗೆ. ಮಗಳ ಜೊತೆ ಫೋನಿನಲ್ಲಿ ಮಾತಾಡಿದರೂ ಅವಳಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಮೊದಲ ಬಾರಿ ಪ್ರಯತ್ನಿಸುವ ನನ್ನ ವಯಸ್ಸಿನವರಿಗೆ ನಾನು ಸೂಚಿಸುವುದು ಇದನ್ನೇ, ಅದೂ ಒಂದೇ ಉಸಿರು. ಆಮೇಲೆ ಅರ್ಧ ಗಂಟೆ ಸುಮ್ಮನಿರಿ. ತಿನ್ನುವ ಗಾಂಜಾ ಬೇರೆಯದೇ ಲೆಕ್ಕ: ಪರಿಣಾಮ ಶುರುವಾಗಲು ಅರ್ಧದಿಂದ ಎರಡು ಗಂಟೆ ಬೇಕು, 12 ಗಂಟೆಯವರೆಗೂ ಇರಬಹುದು. ಅದರಲ್ಲಿ ತಳಿಯ ರುಚಿಯೂ ತಿಳಿಯುವುದಿಲ್ಲವಾದ್ದರಿಂದ ನಾನು ಆ ಕಡೆ ಹೋಗಿಲ್ಲ.

ಮನೆಯಲ್ಲಿ ಇಡುವ ಬಗೆ: ಬಿಗಿ ಮುಚ್ಚಳದ ಗಾಜಿನ ಬಾಟಲಿ, ಕತ್ತಲೆ, ತೇವಾಂಶ ಹದವಾಗಿಡುವ ಪುಟ್ಟ ಪೊಟ್ಟಣ. ಒಲೆಯ ಪಕ್ಕದ ಕಪಾಟು ಬೇಡ. ಮಕ್ಕಳಿರುವ ಮನೆಯಲ್ಲಿ ಬೀಗ ಹಾಕಿಡಿ. ಗರ್ಭಿಣಿಯರು, ಎಳೆಯ ವಯಸ್ಸಿನವರು, ಮನೆತನದಲ್ಲಿ ಚಿತ್ತವಿಕಲತೆ ಇರುವವರು ಇದರ ಹತ್ತಿರ ಸುಳಿಯಬಾರದು.

ಇಲ್ಲಿಗೆ ಹೊಸದಾಗಿ ಬರುವ ಕನ್ನಡಿಗರಿಗೆ ಕಳಕಳಿಯಿಂದ ಹೇಳುವುದಿದೆ. ಸೇವಿಸಿ ಕಾರು ಓಡಿಸಿದರೆ ದಂಡದಲ್ಲೇ ಮುಗಿಯುವುದಿಲ್ಲ. 2018ರ ಡಿಸೆಂಬರ್‌ನಿಂದ ಅಮಲಿನಲ್ಲಿ ವಾಹನ ಚಾಲನೆಗೆ ಗರಿಷ್ಠ ಶಿಕ್ಷೆ ಹತ್ತು ವರ್ಷಕ್ಕೇರಿದೆ, ವಲಸೆ ಕಾನೂನು ಅದನ್ನು ಗಂಭೀರ ಅಪರಾಧವೆಂದು ಎಣಿಸುತ್ತದೆ. ಪಿಆರ್ (ಕಾಯಂ ವಾಸದ ಅನುಮತಿ) ಇರುವವರೂ ಅದನ್ನು ಕಳೆದುಕೊಳ್ಳಬಹುದು. ಗಡಿ ದಾಟಿಸಿ ಒಂದು ಎಸಳನ್ನೂ ಒಯ್ಯುವಂತಿಲ್ಲ, ಅಮೆರಿಕಕ್ಕೂ ಇಲ್ಲ, ಊರಿಗಂತೂ ಇಲ್ಲವೇ ಇಲ್ಲ. ಭಾರತದಲ್ಲಿ 1985ರ ಮಾದಕವಸ್ತು ಕಾಯ್ದೆಯ ಪ್ರಕಾರ ಈ ಹೂವನ್ನು ಇಟ್ಟುಕೊಳ್ಳುವುದೇ ಅಪರಾಧ. ಊರಿಗೆ ಹೊರಡುವ ಮುನ್ನ ಕೈಚೀಲದ ಎಲ್ಲ ಜೇಬುಗಳನ್ನೂ ಒಮ್ಮೆ ಬುಡಮೇಲು ಮಾಡಿ ನೋಡಿ.

ಸದ್ಯ ನನ್ನ ಅಂಗಡಿಯಲ್ಲಿ ಜ್ಯಾಕ್ ಹೆರರ್ ದಾಸ್ತಾನು ಮುಗಿದಿದೆ, ಮತ್ತೆ ಯಾವಾಗ ಎಂದು ಆ ಹುಡುಗಿಗೂ ತಿಳಿಯದು. ದಕ್ಷಿಣ ಆಫ್ರಿಕಾ ಮೂಲದ ಡರ್ಬನ್ ಪಾಯ್ಸನ್‌ನಲ್ಲೂ ಟರ್ಪಿನೋಲೀನ್ ಇರುತ್ತದೆಂದು ಕೊಟ್ಟಳು. ಸೋಂಪಿನ ಘಮ ಹಿಡಿಸಿತು, ಏಲಕ್ಕಿ ಮಾತ್ರ ಸಿಗಲಿಲ್ಲ. ಟರ್ಪಿನೋಲೀನ್ ಮುಂದಿರುವ, ಒಟ್ಟು ಟಿಎಚ್‌ಸಿ ಶೇ 20ರ ಒಳಗಿರುವ, ಈಚೆಗೆ ಪ್ಯಾಕ್ ಮಾಡಿದ ಹೂ ಯಾವ ಬೆಳೆಗಾರರದ್ದು ಸಿಗುತ್ತದೆ ಎಂದು ಒಂಟಾರಿಯೊದಲ್ಲಿ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ.